ಚೀನಾದ ಮಾತಿನಿಂದಲೇ ಶುರು ಮಾಡಿ

ಉಪ್ಪಳದ ಗೆಳೆಯರಿಗೆ ನಮಸ್ಕಾರ.

ಹದೀಸ್‌ಗಳನ್ನು (ಪ್ರವಾದಿ ಮುಹಮ್ಮದರ ನಡೆನುಡಿಯ ವರದಿಗಳನ್ನು) ಒರೆಗೆ ಹಚ್ಚುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈ ರೂಪದಲ್ಲಿ ಹಾಕಲು ಆಗುವುದಿಲ್ಲ. ಸಹೀಹ್ (ಗಟ್ಟಿ), ಹಸನ್ (ಒಪ್ಪಬಹುದಾದದ್ದು), ಝಯೀಫ್ (ದುರ್ಬಲ), ಮೌಝೂ (ಕಟ್ಟಿ ಹೇಳಿದ್ದು) ಅಂತ ಬರೀ ಅರ್ಥ ಕೊಡುತ್ತಾ ಹೋಗಿದ್ದೀರಿ. ಮದ್ರಸಕ್ಕೆ ಹೋದವರಿಗೆ ಇದೆಲ್ಲ ಗೊತ್ತಿರುವುದೇ. ಪಕ್ಕದ ಮನೆಯ ಶೆಟ್ಟರು ಎರಡನೇ ಪ್ಯಾರಾಕ್ಕೇ ಪುಟ ತಿರುಗಿಸುತ್ತಾರೆ. ತಳಂಗರೆಯ ಮಾಲಿಕ್ ದೀನಾರ್ ಮಸೀದಿಯ ವರ್ಣನೆ ಚೆನ್ನಾಗಿದೆ, ಆದರೆ ಇಲ್ಲಿ ಅದಕ್ಕೇನು ಕೆಲಸ?

ಒಂದೇ ಒಂದು ಹದೀಸ್ ಹಿಡಿದು ಅದರ ಬೆನ್ನು ಹತ್ತಿ. ಬುಖಾರಿಯವರ ಹದೀಸ್ ಸಂಗ್ರಹದ ಮೊದಲನೆಯದನ್ನೇ ನೋಡಿ: ಕರ್ಮಗಳು ಉದ್ದೇಶಕ್ಕೆ ತಕ್ಕಂತೆ. ಪ್ರವಾದಿಯವರಿಂದ ಕೇಳಿದ್ದನ್ನು ಎರಡನೇ ಖಲೀಫ ಉಮರ್ ಮಿಂಬರಿನ (ಮಸೀದಿಯ ಪ್ರವಚನ ಪೀಠದ) ಮೇಲೆ ಹೇಳಿದರು. ಅವರಿಂದ ಅಲ್ಕಮ, ಅವರಿಂದ ಮುಹಮ್ಮದ್ ಬಿನ್ ಇಬ್ರಾಹೀಮ್, ಅವರಿಂದ ಯಹ್ಯಾ ಬಿನ್ ಸಈದ್. ಅಲ್ಲಿಯವರೆಗೆ ಗಟ್ಟಿಯಾಗಿ ನಿಂತಿರುವ ದಾರಿ ಇದೊಂದೇ, ಪ್ರತಿ ಹಂತದಲ್ಲೂ ಒಬ್ಬೊಬ್ಬರೇ. ಆಮೇಲೆ ಕೇಳಿದವರು ಬಹಳ ಮಂದಿ. ಆದರೂ ಇದು ಸಹೀಹ್. ‘ತುಂಬಾ ಜನ ಹೇಳಿದ್ದರೆ ಮಾತ್ರ ನಂಬಬಹುದು’ ಎಂಬ ನಿಮ್ಮ ಸಾಲು ಇಲ್ಲೇ ಬಿದ್ದುಹೋಯಿತು, ಅಲ್ವಾ? ಪರಿಶೀಲಕರು ಕೇಳುವುದೇ ಬೇರೆ. ಇವರು ನಡತೆಯಲ್ಲಿ ನೇರವೇ? ನೆನಪು ಗಟ್ಟಿಯೇ? ಹಿಂದಿನವರಿಂದ ನಿಜಕ್ಕೂ ಕೇಳಿದ್ದಾರೆಯೇ? ಇವರಿಗಿಂತ ಗಟ್ಟಿಗರು ಇದಕ್ಕೆ ವಿರುದ್ಧವಾಗಿ ಹೇಳಿದ್ದಾರೆಯೇ?

ಝಯೀಫ್ ಅಂದರೆ ಸುಳ್ಳು ಅಂತ ಬರೆದಿದ್ದೀರಿ. ತಪ್ಪು. ಕಟ್ಟಿ ಹೇಳಿದ್ದು ಮೌಝೂ. ಝಯೀಫ್ ಅಂದರೆ ಎಲ್ಲೋ ಒಂದು ಕೊಂಡಿ ಸಡಿಲ. ಈಜಿಪ್ಟಿನಲ್ಲಿ ಇಬ್ನ್ ಲಹೀಅ ಎಂಬ ನ್ಯಾಯಾಧೀಶರಿದ್ದರು. ಅವರ ಪುಸ್ತಕಗಳು ಸುಟ್ಟುಹೋದ ಮೇಲೆ ನೆನಪಿನಿಂದ ಹೇಳುತ್ತಾ ಕಲಸುಮೇಲೋಗರ ಮಾಡಿಕೊಂಡರು ಎನ್ನುತ್ತಾರೆ ಅನೇಕ ವಿದ್ವಾಂಸರು. ಹಾಗಾಗಿ ಅವರಿಂದ ಯಾರು ಯಾವಾಗ ಕೇಳಿದರು ಅಂತಲೂ ನೋಡುತ್ತಾರೆ. ಮನುಷ್ಯ ಸುಳ್ಳುಗಾರನಲ್ಲ, ಮಾತು ಮಾತ್ರ ದುರ್ಬಲ. ನಿಮ್ಮ ಲೇಖನದಲ್ಲಿ ಇಂಥವರು ಒಬ್ಬರೂ ಇಲ್ಲ. ನನಗೆ ಜಾಸ್ತಿ ಬೇಸರವಾದದ್ದು ಅದಕ್ಕೇ.

ಕೊನೆಯಲ್ಲಿ ‘ಚೀನಾಕ್ಕೆ ಹೋಗಿಯಾದರೂ ವಿದ್ಯೆ ಕಲಿಯಿರಿ’ ಎಂಬುದನ್ನು ಹದೀಸ್ ಅಂತ ಸುಮ್ನೆ ಹಾಕಿಬಿಟ್ಟಿದ್ದೀರಿ. 12ನೇ ಶತಮಾನದ ವಿದ್ವಾಂಸ ಇಬ್ನುಲ್ ಜೌಝಿ ಇದನ್ನು ಕಟ್ಟುಕಥೆಗಳ ಸಾಲಿಗೆ ಸೇರಿಸಿದ್ದಾರೆ. ತೆಗೆಯಬೇಡಿ, ಮೊದಲಿಗೆ ತನ್ನಿ. ಭಾಷಣಗಳಲ್ಲಿ ಕೇಳಿ ಕೇಳಿ ಎಲ್ಲರಿಗೂ ಬಾಯಿಪಾಠವಾದ ಮಾತು. ಅದು ಯಾಕೆ ನಿಲ್ಲಲಿಲ್ಲ ಅಂತ ತೋರಿಸಿದರೆ ಶೆಟ್ಟರೂ ಓದುತ್ತಾರೆ.

ಹಾಗೇ ‘ಎನ್ನಲಾಗುತ್ತದೆ’ ಬಂದ ಕಡೆಯೆಲ್ಲ ಯಾರೆಂದರು ಅಂತ ಹೆಸರು ಹಾಕಿ. ಯೂನಿಕೋಡ್‌ನಲ್ಲೇ ಕಳಿಸಿ. ಈ ಸಲದ ಕಡತದಲ್ಲಿ ಅರಬ್ಬೀ ಹೆಸರುಗಳೆಲ್ಲ ಒಡೆದು ಬಂದಿದ್ದವು.