ಒಂಬತ್ತು ಜನ ಬೇಕಾ, ಇಬ್ಬರು ಸಾಕಾ?

ಪ್ರಶ್ನೆ: ನಾವು ಐದು ಜನ ಗೆಳೆಯರು ಸೇರಿ ಕಿರಾಣಿ ಅಂಗಡಿಗಳಿಗೆ ಬಿಲ್ಲಿಂಗ್ ಆ್ಯಪ್ ಮಾಡಿದ್ದೇವೆ. ಈಗ ಸ್ವಲ್ಪ ಬಂಡವಾಳ ಸಿಕ್ಕಿದೆ. ಹಣ ಹಾಕಿದವರು ಇನ್ನೂ 9 ಜನರನ್ನು ತಗೊಳ್ಳಿ ಅನ್ನುತ್ತಿದ್ದಾರೆ. ಒಬ್ಬ ಅನುಭವಸ್ಥರ ಸಂಬಳಕ್ಕೆ ಮೂವರು ಫ್ರೆಶರ್‌ಗಳು ಸಿಗುತ್ತಾರೆ. ಏನು ಮಾಡೋಣ?
— ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಸದ್ಯಕ್ಕೆ ಇಬ್ಬರು ಸಾಕು. ಯಾರು ಅಂತ ಆಮೇಲೆ ಹೇಳುತ್ತೇನೆ.

ಐದು ಜನ ಇದ್ದಾಗ ಪರಸ್ಪರ ಮಾತಾಡಿಕೊಳ್ಳಬೇಕಾದ ಜೋಡಿಗಳು 10. ಹದಿನಾಲ್ಕು ಜನ ಆದರೆ 91, ಬೇಕಿದ್ದರೆ ಲೆಕ್ಕ ಹಾಕಿ ನೋಡಿ. ಈಗ ಕುರ್ಚಿ ತಿರುಗಿಸಿ ಕೇಳಿದರೆ ಮುಗಿಯುವ ವಿಷಯಕ್ಕೂ ಆಗ ಮೀಟಿಂಗ್ ಕರೆಯಬೇಕಾಗುತ್ತದೆ.

ಈ ತಪ್ಪು ನಾನೂ ಮಾಡಿದ್ದೇನೆ. ನಮ್ಮದೂ ಬಿಲ್ಲಿಂಗ್ ಕೆಲಸವೇ, ಒಂದೇ ತಿಂಗಳಲ್ಲಿ ಆರು ಹುಡುಗರನ್ನು ತಗೊಂಡೆವು. ಕೋಡ್ ಪೂರ್ತಿ ಗೊತ್ತಿದ್ದವಳು ಒಬ್ಬಳೇ, ಅವಳ ಹಗಲೆಲ್ಲ ಇವರಿಗೆ ಹೇಳಿಕೊಡುವುದರಲ್ಲೇ ಹೋಗುತ್ತಿತ್ತು, ತನ್ನ ಕೆಲಸಕ್ಕೆ ರಾತ್ರಿ ಕೂರುತ್ತಿದ್ದಳು. ಬಿಲ್ಲಿನ ಚಿಲ್ಲರೆ ಪೈಸೆಯನ್ನು ರೂಪಾಯಿಗೆ ಸರಿ ಮಾಡುವ ಒಂದು ಚಿಕ್ಕ ಕೆಲಸವಿತ್ತು. ಒಬ್ಬ ಅದನ್ನು ಒಂದೊಂದು ಸಾಮಾನಿನ ಸಾಲಿನಲ್ಲೂ ಮಾಡಿದ, ಇನ್ನೊಬ್ಬ ಕೊನೆಯ ಮೊತ್ತದಲ್ಲಿ ಮಾಡಿದ, ಇಬ್ಬರೂ ಒಬ್ಬರಿಗೊಬ್ಬರು ಹೇಳಿರಲಿಲ್ಲ. ದಾವಣಗೆರೆಯ ಅಂಗಡಿಯವರು ಫೋನ್ ಮಾಡಿ, "ಈ ಮೂರು ರೂಪಾಯಿ ಎಲ್ಲಿಂದ ಬಂತು ಸ್ವಾಮಿ?" ಅಂದಾಗಲೇ ನಮಗೆ ಗೊತ್ತಾಗಿದ್ದು!

2014ರಲ್ಲಿ ಫೇಸ್‌ಬುಕ್ ಕೊಂಡುಕೊಂಡಾಗ ವಾಟ್ಸಾಪ್‌ನಲ್ಲಿ ಇದ್ದವರು ಬರೀ 55 ಜನ, ಬಳಸುತ್ತಿದ್ದವರು 45 ಕೋಟಿ. ಇದನ್ನು ಎಲ್ಲರೂ ಹೇಳುತ್ತಾರೆ. ಆದರೆ ಅದನ್ನು ಶುರು ಮಾಡಿದ ಇಬ್ಬರೂ ಯಾಹೂನಲ್ಲಿ ವರ್ಷಗಟ್ಟಲೆ ಪಳಗಿ ಬಂದವರು, ಮೇಲಾಗಿ ಜಾಹೀರಾತು, ಆಟ ಯಾವುದನ್ನೂ ಹತ್ತಿರ ಬಿಟ್ಟುಕೊಳ್ಳದೆ ಸುಮ್ನೆ ಮೆಸೇಜ್ ಕಳಿಸುವ ಕೆಲಸವನ್ನಷ್ಟೇ ಮಾಡಿದರು ಅನ್ನುವುದನ್ನು ಮಾತ್ರ ಬಿಟ್ಟುಬಿಡುತ್ತಾರೆ. ನೀವು ಐದೇ ಜನ ಇದ್ದುಕೊಂಡು ಬಿಲ್ಲಿಂಗ್ ಜೊತೆ ಸಾಲದ ಲೆಕ್ಕ, ಹೋಂ ಡೆಲಿವರಿ ಎಲ್ಲ ಹಚ್ಚಿಕೊಂಡರೆ ವಾಟ್ಸಾಪ್ ಉದಾಹರಣೆ ನಿಮ್ಮ ಕೈ ಹಿಡಿಯಲ್ಲ.

ಇನ್ನು ಆ ಇಬ್ಬರು. ಅಂಗಡಿಯವರ ಫೋನ್ ಈಗ ಯಾರು ತೆಗೆಯುತ್ತಾರೆ? ಕೋಡ್ ಬರೆಯುವವರೇ ಅಲ್ವಾ? ಹಾಗಾದರೆ ಮೊದಲು ಅದಕ್ಕೊಬ್ಬರು ಬೇಕು, ಅಂಗಡಿಯವರ ಜೊತೆ ತಾಳ್ಮೆಯಿಂದ ಮಾತಾಡುವವರು ಸಿಕ್ಕರೆ ಸಾಕು, ಡಿಗ್ರಿ ನೋಡಬೇಡಿ. ಎರಡನೆಯವರು ಆ ಮೂರು ಫ್ರೆಶರ್ ಸಂಬಳದ ಅನುಭವಸ್ಥರು. ಫ್ರೆಶರ್ ಬೇಡವೇ ಬೇಡ ಅಂತಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುವ ಇವರು ಬಂದು ಮೂರು ತಿಂಗಳಾಗಲಿ, ಆಮೇಲೆ ಒಬ್ಬೊಬ್ಬರಾಗಿ ತಗೊಳ್ಳಿ.