ಹೃದಯದ ಗಡ್ಡೆ ತಲೆಗೂ ಹರಡಿದೆಯಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. 42 ವರ್ಷದ ಅಕ್ಕನಿಗೆ ಇದ್ದಕ್ಕಿದ್ದಂತೆ ಬಲಗೈ ಸೋತು ಮಾತು ತೊದಲಿತು. ಎಂಆರ್‌ಐನಲ್ಲಿ ಮಿದುಳಿನ ಎರಡು ಕಡೆ ಕಲೆ, ಎಕೋದಲ್ಲಿ ಹೃದಯದ ಎಡ ಮೇಲ್ಕೋಣೆಯೊಳಗೆ ಗಡ್ಡೆ ಕಂಡಿದೆ. ಕ್ಯಾನ್ಸರ್ ತಲೆಗೇರಿದೆ ಅಂತಾರೆ ನೆಂಟರು. ಅಡಿಕೆ ಕೊಯ್ಲು ಮುಗಿಸಿ ದೊಡ್ಡಾಸ್ಪತ್ರೆಗೆ ಹೋಗೋಣ ಅಂತಾರೆ ಭಾವ. ಏನು ಮಾಡಲಿ?

ಉತ್ತರ: ಕೊಯ್ಲಿಗೆ ಕಾಯಬೇಡಿ. ಈ ವಾರವೇ ಹೊರಡಿ.

ಹೃದಯದಲ್ಲೇ ಹುಟ್ಟುವ ಗಡ್ಡೆ ತೀರಾ ಅಪರೂಪ. ಅವುಗಳಲ್ಲೂ ಸುಮಾರು ಮುಕ್ಕಾಲು ಪಾಲು ಕ್ಯಾನ್ಸರ್ ಅಲ್ಲ. ದೊಡ್ಡವರಲ್ಲಿ ಹೆಚ್ಚಾಗಿ ಕಾಣುವುದು ಮಿಕ್ಸೋಮಾ ಅನ್ನುವ, ಕ್ಯಾನ್ಸರ್ ಅಲ್ಲದ ಗಡ್ಡೆ, ಅದೂ ಬಹುಪಾಲು ಎಡ ಮೇಲ್ಕೋಣೆಯಲ್ಲೇ. ನೆಂಟರು ಸ್ವಲ್ಪ ಅವಸರಪಟ್ಟಿದ್ದಾರೆ.

ಹಾಗಾದರೆ ಮಿದುಳಿನ ಕಲೆ? ಮಿಕ್ಸೋಮಾ ಲೋಳೆಯಂತೆ ಮೆತ್ತಗಿರಬಹುದು. ಅದರ ಚೂರೋ, ಅದರ ಮೇಲೆ ಕಟ್ಟಿದ ರಕ್ತದ ಹೆಪ್ಪೋ ಕಳಚಿಕೊಂಡರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಗೆ ಬಂದು, ಕತ್ತಿನ ರಕ್ತನಾಳ ಹಿಡಿದು ಮಿದುಳು ಸೇರುತ್ತದೆ. ಅಲ್ಲಿ ಸಿಕ್ಕಿಕೊಂಡರೆ ಪಾರ್ಶ್ವವಾಯು. ಕೈ ಒಮ್ಮೆಲೇ ಸೋತದ್ದು ಇದಕ್ಕೆ ಹೊಂದುತ್ತದೆ. ಹಾಗಾಗಿದ್ದರೆ ಇದು ಕ್ಯಾನ್ಸರ್ ಹರಡಿದ್ದಲ್ಲ. ಆದರೆ ಗಡ್ಡೆ ಅಲ್ಲೇ ಇರುವಷ್ಟು ದಿನ ಇನ್ನೊಂದು ಚೂರು ಹೋಗಬಹುದು. ಕೊಯ್ಲಿಗೆ ಕಾಯಬೇಡಿ ಅಂದದ್ದು ಇದಕ್ಕೇ.

ಹಾಗಂತ ಕ್ಯಾನ್ಸರ್ ಅಲ್ಲವೇ ಅಲ್ಲ ಅಂತ ನಾನು ಇಲ್ಲಿ ಕೂತು ಹೇಳಲಾರೆ. ಹೃದಯದಲ್ಲೇ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಸಾರ್ಕೋಮಾಗಳು. ಅವುಗಳಲ್ಲಿ ಆಂಜಿಯೋಸಾರ್ಕೋಮಾ ಸಾಮಾನ್ಯವಾಗಿ ಬಲ ಮೇಲ್ಕೋಣೆಯಲ್ಲಿ ಹುಟ್ಟಿ ಶ್ವಾಸಕೋಶಕ್ಕೆ, ಕೆಲವರಲ್ಲಿ ಮಿದುಳಿಗೂ ಹರಡುತ್ತದೆ. ಹರಡಿದ ಜಾಗದಲ್ಲಿ ರಕ್ತ ಸೋರುವುದೂ ಉಂಟು. ಎಡಗಡೆ ಬರುವ ಬೇರೆ ಸಾರ್ಕೋಮಾಗಳು ಎಕೋದಲ್ಲಿ ಮಿಕ್ಸೋಮಾದಂತೆಯೇ ಕಂಡು ಮೋಸ ಮಾಡುತ್ತವೆ. ಮಿಕ್ಸೋಮಾಕ್ಕೆ ಸಾಮಾನ್ಯವಾಗಿ ಎರಡು ಮೇಲ್ಕೋಣೆಗಳ ನಡುವಿನ ಗೋಡೆಯಲ್ಲಿ ತೊಟ್ಟು ಇರುತ್ತದೆ. ಸಾರ್ಕೋಮಾ ಅಗಲವಾಗಿ ಗೋಡೆಯೊಳಕ್ಕೆ ಇಳಿದಿರುತ್ತದೆ. ಹೃದಯದ ಎಂಆರ್‌ಐ ಇದನ್ನು ಇನ್ನಷ್ಟು ಸ್ಪಷ್ಟ ಮಾಡುತ್ತದೆ. ಕೊನೆ ಮಾತು ಮಾತ್ರ ತೆಗೆದ ಗಡ್ಡೆಯ ಬಯಾಪ್ಸಿಯದು. ಸಾರ್ಕೋಮಾ ಅಂತಾದರೆ ದಾರಿ ಕಷ್ಟದ್ದೇ. ಕೀಮೋ ಬೇಕಾಗಬಹುದು, ಮಿದುಳಿಗೆ ಹರಡಿದ್ದರೆ ಆ ಜಾಗಕ್ಕೆ ರೇಡಿಯೇಷನ್ ಅಥವಾ ಆಪರೇಷನ್ ಕೂಡ.

ಇನ್ನೊಂದು ವಿಷಯ. ಹೃದಯದ ಆಪರೇಷನ್‌ಗೆ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡಲೇಬೇಕು. ಮಿದುಳಿನಲ್ಲಿ ರಕ್ತ ಸೋರಿದ್ದರೆ ಅದೇ ಅಪಾಯ. ಯಾವಾಗ ಮಾಡುವುದು ಅಂತ ಹೃದಯದ ಸರ್ಜನ್, ನರರೋಗ ತಜ್ಞರು ಸೇರಿ ತೀರ್ಮಾನಿಸಬೇಕು. ಯಾರೋ ಹೇಳಿದರು ಅಂತ ಸುಮ್ನೆ ರಕ್ತ ತೆಳುವಾಗಿಸುವ ಮಾತ್ರೆ ನುಂಗಿಸಬೇಡಿ. ಬೆಂಗಳೂರೇ ಆಗಬೇಕೆಂದಿಲ್ಲ, ಆಗುಂಬೆ ಘಾಟಿ ಇಳಿದರೆ ನಿಮಗೆ ಮಣಿಪಾಲ ಹತ್ತಿರ ಅಲ್ವಾ? ರಿಪೋರ್ಟ್ ಜೊತೆ ಎಕೋ, ಎಂಆರ್‌ಐಗಳ ಸಿಡಿಯೂ ಕೈಯಲ್ಲಿರಲಿ. ದಾರಿಯಲ್ಲಿ ಮತ್ತೆ ಮಾತು ತೊದಲಿದರೆ, ಜೋರು ತಲೆನೋವು ಬಂದರೆ, ಸಿಕ್ಕಿದ ಮೊದಲ ದೊಡ್ಡಾಸ್ಪತ್ರೆಗೆ ಗಾಡಿ ತಿರುಗಿಸಿ.

ಮಿಕ್ಸೋಮಾ ಅಂತಲೇ ಆದರೆ, ಅದು ಅಪರೂಪಕ್ಕೆ ವಂಶದಲ್ಲೂ ಬರುತ್ತದೆ. ನೀವೂ ಎಕೋ ಮಾಡಿಸಬೇಕೇ ಅಂತ ಅದೇ ಡಾಕ್ಟರನ್ನು ಕೇಳಿ.