ಡಿಕ್ಕಿಯಲ್ಲಿದ್ದ ನಾಲ್ಕು ತೂತುಗಳು

ಓದುಗರ ವಾಹನ ಪ್ರಶ್ನೆಗಳಿಗೆ ಹುಬ್ಬಳ್ಳಿಯ ಗ್ಯಾರೇಜಿನಿಂದ ಉತ್ತರ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿ. ಕಳೆದ ದೀಪಾವಳಿಗೆ 2014ರ ಪೆಟ್ರೋಲ್ ಕಾರೊಂದನ್ನು ಕೊಂಡೆ. 1.2 ಲೀಟರಿನ ನಾಲ್ಕು ಸಿಲಿಂಡರ್ ಇಂಜಿನ್, 94,000 ಕಿಲೋಮೀಟರ್ ಓಡಿದೆ. ಮೊದಲ ಮಾಲೀಕರು ಪುಣೆಯವರು. ಎರಡನೇ ತಿಂಗಳಿನಿಂದ ಸಿಗ್ನಲ್‌ನಲ್ಲಿ ನಿಂತಾಗ ಇಂಜಿನ್ ನಡುಗುತ್ತದೆ, ಮೀಟರಿನಲ್ಲಿ ಇಂಜಿನ್ ಲೈಟ್ ಹತ್ತುತ್ತದೆ. ಹೆದ್ದಾರಿಯಲ್ಲಿ ಹೋಗುವಾಗ ಯಾವ ತೊಂದರೆಯೂ ಇಲ್ಲ. ಸ್ಕ್ಯಾನರ್ ಹಾಕಿದಾಗಲೆಲ್ಲ ಪಿ0303 ಎಂದು ಬರುತ್ತದೆ. ಮೊದಲ ಗ್ಯಾರೇಜಿನವರು ನಾಲ್ಕು ಪ್ಲಗ್ ಮತ್ತು ಮೂರನೇ ಸಿಲಿಂಡರಿನ ಕಾಯಿಲ್ ಬದಲಿಸಿದರು. ಎರಡನೆಯವರು ಇಂಜೆಕ್ಟರ್, ಥ್ರಾಟಲ್ ಬಾಡಿ ಸ್ವಚ್ಛ ಮಾಡಿ, ಪೆಟ್ರೋಲ್ ಪಂಪನ್ನೂ ಬದಲಿಸಿದರು. 21,000 ರೂಪಾಯಿ ಖರ್ಚಾಗಿದೆ. ಈಗ ಮೂರನೆಯವರು ಇಸಿಎಂ (ಇಂಜಿನ್ನಿನ ಕಂಪ್ಯೂಟರ್) ಹಾಳಾಗಿದೆ, 30,000 ಆಗುತ್ತದೆ ಎನ್ನುತ್ತಿದ್ದಾರೆ. ಬದಲಿಸಲೇ? ಇನ್ನೊಂದು ಸಣ್ಣ ವಿಷಯ: ಡಿಕ್ಕಿಯ ಕಾರ್ಪೆಟ್ ಕೆಳಗೆ ಬೋಲ್ಟ್ ಗಾತ್ರದ ನಾಲ್ಕು ತೂತುಗಳಿವೆ. ಮಳೆಗಾಲದಲ್ಲಿ ಅಲ್ಲಿಂದ ನೀರು ಬಂದು ಸ್ಟೆಪ್ನಿಯ ಡಿಸ್ಕ್ ತುಕ್ಕು ಹಿಡಿದಿದೆ. ಅದನ್ನು ಏನು ಹಚ್ಚಿ ಮುಚ್ಚಬೇಕು?

ಉತ್ತರ: ಅಕ್ಕೋರೇ (ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನು ಹೀಗೆಯೇ ಕರೆಯುವುದು), ಇಸಿಎಂ ಬದಲಿಸಬೇಡಿ. ಮುಂಗಡ ಕೊಟ್ಟಿದ್ದರೆ ಇಂದೇ ಹೋಗಿ ವಾಪಸ್ ಕೇಳಿ. ನೀವು ಸಣ್ಣ ವಿಷಯ ಎಂದು ಕೊನೆಯಲ್ಲಿ ಬರೆದ ಆ ನಾಲ್ಕು ತೂತುಗಳೇ ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡವು.

ಪುಣೆಯ ಪೆಟ್ರೋಲ್ ಕಾರಿನ ಡಿಕ್ಕಿಯಲ್ಲಿ ಬೋಲ್ಟ್ ತೂತುಗಳಿದ್ದರೆ, ಅಲ್ಲಿ ಒಂದು ಕಾಲಕ್ಕೆ ಸಿಎನ್‌ಜಿ ಸಿಲಿಂಡರ್ ಇತ್ತು ಎಂಬುದೇ ನನ್ನ ಮೊದಲ ಅನುಮಾನ. ಮಾರುವ ಮೊದಲು ಕಿಟ್ ಬಿಚ್ಚಿ ಬೇರೆ ಕಾರಿಗೆ ಹಾಕಿಕೊಳ್ಳುವುದು ಅಲ್ಲಿ ಹೊಸದೇನಲ್ಲ. ಖಚಿತ ಮಾಡಿಕೊಳ್ಳಲು ಹಳೆಯ ಆರ್‌ಸಿಯ ನಕಲು ಇದ್ದರೆ ಇಂಧನದ ಕಾಲಂ ನೋಡಿ. ‘ಪೆಟ್ರೋಲ್/ಸಿಎನ್‌ಜಿ’ ಎಂದಿರಬಹುದು. ಇಲ್ಲದಿದ್ದರೆ ಬಾನೆಟ್ ತೆಗೆದು ಸಿಲಿಂಡರುಗಳಿಗೆ ಗಾಳಿ ಒಯ್ಯುವ ಇಂಟೇಕ್ ಮ್ಯಾನಿಫೋಲ್ಡಿನ ನಾಲ್ಕು ಕೊಳವೆಗಳ ಮೇಲೆ ಬೆರಳಾಡಿಸಲು ಹೇಳಿ. ಕಿಟ್ ಹಾಕುವವರು ಪ್ರತಿ ಕೊಳವೆಗೂ ಒಂದು ತೂತು ಕೊರೆದು ಗ್ಯಾಸಿನ ನಾಜಲ್ ಕೂರಿಸುತ್ತಾರೆ. ಕಿಟ್ ತೆಗೆದ ಮೇಲೆ ಆ ತೂತುಗಳಿಗೆ ಬೋಲ್ಟನ್ನೋ ಎಂ-ಸೀಲನ್ನೋ ತುಂಬಿರುತ್ತಾರೆ.

ಈಗ ಆ ಪಿ0303 ಏನು ಹೇಳುತ್ತದೆ ನೋಡೋಣ. ಕೊನೆಯ ಅಂಕಿ ಸಿಲಿಂಡರಿನ ಸಂಖ್ಯೆ. ಇಂಜಿನ್ನಿನ ಪ್ರತಿ ಸಿಲಿಂಡರ್ ಉರಿದಾಗಲೂ ಕ್ರ್ಯಾಂಕ್‌ಗೆ (ಪಿಸ್ಟನ್‌ಗಳು ತಿರುಗಿಸುವ ದಂಡಕ್ಕೆ) ಒಂದು ತಳ್ಳು ಸಿಗುತ್ತದೆ. ಕ್ರ್ಯಾಂಕ್ ಪಕ್ಕದ ಸೆನ್ಸರ್ ಅದರ ವೇಗವನ್ನು ಗಮನಿಸುತ್ತಿರುತ್ತದೆ. ಮೂರನೆಯದರ ಸರದಿಯಲ್ಲಿ ಬರಬೇಕಾದ ತಳ್ಳು ಬರಲಿಲ್ಲ ಎಂದು ಕಂಪ್ಯೂಟರ್ ಬರೆದಿಟ್ಟಿದೆ, ಅಷ್ಟೇ. ಕಿಡಿ ಇರಲಿಲ್ಲವೋ, ಪೆಟ್ರೋಲ್ ಬರಲಿಲ್ಲವೋ, ಸಿಲಿಂಡರಿನೊಳಗೆ ಒತ್ತಡ ನಿಲ್ಲಲಿಲ್ಲವೋ ಅದಕ್ಕೆ ಗೊತ್ತಿಲ್ಲ. ಕಂಪ್ಯೂಟರ್ ದೂರು ದಾಖಲಿಸಿದೆಯೇ ಹೊರತು ಕಳ್ಳನನ್ನು ಹಿಡಿದಿಲ್ಲ. ಕಿಡಿಗೆ ಪ್ಲಗ್ ಮತ್ತು ಕಾಯಿಲ್, ಪೆಟ್ರೋಲಿಗೆ ಇಂಜೆಕ್ಟರ್ ಮತ್ತು ಪಂಪ್: ಇವೆಲ್ಲ ಅಂಗಡಿಯಲ್ಲಿ ಸಿಗುವ ವಸ್ತುಗಳು, ಹಾಗಾಗಿ ಒಂದೊಂದಾಗಿ ಬದಲಾದವು. ಒತ್ತಡ ಅಂಗಡಿಯಲ್ಲಿ ಸಿಗುವುದಿಲ್ಲ, ಅಳೆಯಬೇಕು. ಎಂಟು ತಿಂಗಳಲ್ಲಿ ಮೂರು ಗ್ಯಾರೇಜುಗಳಲ್ಲಿ ಒಬ್ಬರೂ ಕಂಪ್ರೆಷನ್ ಗೇಜ್ ಹಚ್ಚಲಿಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ. ಕಾಯಿಲ್ ಬದಲಿಸುವ ಅಗತ್ಯವೂ ಇರಲಿಲ್ಲ. ಮೂರರ ಕಾಯಿಲನ್ನು ಎರಡಕ್ಕೆ ಹಾಕಿ ಎರಡರದ್ದನ್ನು ಮೂರಕ್ಕೆ ಹಾಕಿದ್ದರೆ ಸಾಕಿತ್ತು. ದೋಷ ಕಾಯಿಲ್‌ನದ್ದಾಗಿದ್ದರೆ ಕೋಡ್ ಪಿ0302 ಆಗಿ ಅದರ ಜೊತೆಯೇ ಹೋಗುತ್ತಿತ್ತು. ಖರ್ಚಿಲ್ಲದ ಪರೀಕ್ಷೆ ಅದು.

ಹದಿಮೂರು ವರ್ಷಗಳ ಹಿಂದೆ ನಾನೂ ಹೀಗೆಯೇ ತಪ್ಪಿದ್ದೇನೆ. ಒಬ್ಬ ಟ್ಯಾಕ್ಸಿ ಚಾಲಕ ಇದೇ ದೂರು ಹೊತ್ತು ಬಂದಿದ್ದ. ಕಾರಿನಲ್ಲಿ ಎಲ್‌ಪಿಜಿ ಕಿಟ್ ಇದ್ದದ್ದು ಕಣ್ಣೆದುರಿಗೇ ಇತ್ತು. ಆದರೂ ಇಂಜೆಕ್ಟರ್ ಬದಲಿಸಿ 4,500 ರೂಪಾಯಿ ತೆಗೆದುಕೊಂಡೆ. ನಾಲ್ಕನೇ ದಿನ ಆತ ಅದೇ ನಡುಕದೊಂದಿಗೆ ಮರಳಿ ಬಂದ. ಹೆಡ್ (ಸಿಲಿಂಡರುಗಳ ಮೇಲಿನ, ವಾಲ್ವ್‌ಗಳಿರುವ ಭಾಗ) ಬಿಚ್ಚಿದಾಗ ಹೊಗೆ ಹೊರಬಿಡುವ ಒಂದು ಎಕ್ಸಾಸ್ಟ್ ವಾಲ್ವ್‌ನ ಅಂಚು ಸುಟ್ಟು ಹೋಗಿತ್ತು. ಅವನ ಹಣ ಹಿಂದಿರುಗಿಸಿದೆ. ಅವನು ಕಳೆದುಕೊಂಡ ದುಡಿಮೆಯ ದಿನಗಳನ್ನು ಹಿಂದಿರುಗಿಸಲಾಗಲಿಲ್ಲ. ಅಂದಿನಿಂದ ಮಿಸ್ಸಿಂಗ್ (ಸಿಲಿಂಡರ್ ಉರಿ ತಪ್ಪುವುದು) ಎಂದು ಬಂದ ಯಾವ ಗಾಡಿಗೂ ಗೇಜ್ ಹಚ್ಚದೆ ನಾನು ಬಿಲ್ ಬರೆದಿಲ್ಲ.

ನಿಮ್ಮ ಕಾರಿಗೆ ಬರೋಣ. ಕಿಟ್ ಹಾಕಿ ತೆಗೆದ ಕಾರಿನಲ್ಲಿ ಮೂರು ಕಡೆ ಅನುಮಾನ ಪಡಬೇಕು. ಅಗ್ಗದ್ದರಿಂದ ಶುರು ಮಾಡುವುದು ನನ್ನ ಕ್ರಮ.

ಮೊದಲನೆಯದು ವೈರು. ಕಾರು ಗ್ಯಾಸಿನಲ್ಲಿ ಓಡುವಾಗ ಪೆಟ್ರೋಲ್ ಇಂಜೆಕ್ಟರ್ ನಿಲ್ಲಬೇಕಾದ್ದರಿಂದ, ಕಿಟ್ಟಿನವರು ಇಂಜೆಕ್ಟರ್ ವೈರುಗಳನ್ನು ಕತ್ತರಿಸಿ ತಮ್ಮ ಯಂತ್ರಕ್ಕೆ ಸೇರಿಸಿರುತ್ತಾರೆ. ತೆಗೆಯುವಾಗ ವೈರನ್ನು ಹೊಸೆದು ಟೇಪ್ ಸುತ್ತಿಬಿಟ್ಟರೆ ಒಂದೆರಡು ಮಳೆಗಾಲದಲ್ಲಿ ಆ ಜೋಡಣೆ ಹಸಿರುಗಟ್ಟುತ್ತದೆ. ಆದರೆ ಇದು ನಿಮ್ಮ ಲಕ್ಷಣಕ್ಕೆ ಪೂರ್ತಿ ಹೊಂದುವುದಿಲ್ಲ. ಸಡಿಲ ವೈರು ಸಿಗ್ನಲ್ ನೋಡಿ ಕೈಕೊಡುವುದಿಲ್ಲ, ಗುಂಡಿ ಬಿದ್ದ ರಸ್ತೆಯಲ್ಲೂ ಹೆದ್ದಾರಿಯಲ್ಲೂ ಕೊಡುತ್ತದೆ. ಆದರೂ ಟೇಪ್ ಬಿಚ್ಚಿ ನೋಡಿ ಬೆಸುಗೆ ಹಾಕಿಸಿ, ಹತ್ತು ನಿಮಿಷದ ಕೆಲಸ.

ಎರಡನೆಯದು ಮ್ಯಾನಿಫೋಲ್ಡಿನ ತೂತು. ಮೂರನೇ ಕೊಳವೆಯ ತೂತಿಗೆ ಹಾಕಿದ ಮುಚ್ಚಳ ಸಡಿಲವಾಗಿದ್ದರೆ ಅಲ್ಲಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತದೆ. ಐಡ್ಲಿಂಗ್‌ನಲ್ಲಿ (ಕಾರು ನಿಂತು ಇಂಜಿನ್ ಮಾತ್ರ ಓಡುವಾಗ) ಗಾಳಿ ಒಳಬಿಡುವ ಥ್ರಾಟಲ್ ಹೆಚ್ಚುಕಡಿಮೆ ಮುಚ್ಚಿರುವುದರಿಂದ ಮ್ಯಾನಿಫೋಲ್ಡಿನ ಎಳೆತ ಜೋರು. ಆಗ ಆ ಒಂದು ಸಿಲಿಂಡರಿಗೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಸಾಲದೆ ಉರಿ ತಪ್ಪುತ್ತದೆ. ಆಕ್ಸಿಲರೇಟರ್ ಒತ್ತಿದರೆ ಥ್ರಾಟಲ್ ತೆರೆದು, ಬರುವ ಗಾಳಿಯ ಮುಂದೆ ಈ ಸೋರಿಕೆ ನಗಣ್ಯವಾಗುತ್ತದೆ. ನೀವು ಬರೆದದ್ದೂ ಇದನ್ನೇ. ಇಂಜಿನ್ ಚಾಲೂ ಇಟ್ಟು ಮುಚ್ಚಳಗಳ ಸುತ್ತ ಸೋಪಿನ ನೀರು ಸಿಂಪಡಿಸಿ ನೋಡಲಿ. ಸೋರುತ್ತಿದ್ದರೆ ನೀರು ಒಳಗೆ ಎಳೆದುಕೊಂಡು ಸದ್ದು ಬದಲಾಗುತ್ತದೆ. ಕೆಲವರು ಇದಕ್ಕೆ ಕಾರ್ಬ್ ಕ್ಲೀನರ್ ಹೊಡೆಯುತ್ತಾರೆ. ಬಿಸಿ ಇಂಜಿನ್ ಮೇಲೆ ಅದು ಹೊತ್ತಿಕೊಳ್ಳಬಹುದು, ಬೇಡ. ಇಲ್ಲಿಯೇ ಸಿಕ್ಕಿಬಿದ್ದರೆ ನಿಮ್ಮ ಖರ್ಚು ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತದೆ. ಹಾಗೇ ಆಗಲಿ ಎಂದು ಹಾರೈಸುತ್ತೇನೆ.

ಮೂರನೆಯದು ವಾಲ್ವ್. ನನ್ನ ಹೆಚ್ಚಿನ ಅನುಮಾನ ಇಲ್ಲಿಯೇ ಇದೆ. ಎಕ್ಸಾಸ್ಟ್ ವಾಲ್ವ್ ತನ್ನ ಸೀಟಿನ ಮೇಲೆ, ಐಡ್ಲಿಂಗ್‌ನಲ್ಲಿಯೇ ನಿಮಿಷಕ್ಕೆ ಸುಮಾರು 400 ಬಾರಿ ಬಂದು ಕೂರುತ್ತದೆ. ಸಿಎನ್‌ಜಿ ಒಣ ಇಂಧನ, ಪೆಟ್ರೋಲಿನ ಹಾಗೆ ಹನಿಯಾಗಿ ಬಂದು ಆವಿಯಾಗಿ ತಂಪು ಕೊಡುವುದಿಲ್ಲ. ಕಾರ್ಖಾನೆಯಿಂದಲೇ ಸಿಎನ್‌ಜಿಯಾಗಿ ಬರುವ ಇಂಜಿನ್ನುಗಳಲ್ಲಿ ಸಾಮಾನ್ಯವಾಗಿ ಸೀಟುಗಳು ಹೆಚ್ಚು ಗಟ್ಟಿಯಾಗಿರುತ್ತವೆ. ಹೊರಗೆ ಕಿಟ್ ಹಾಕಿಸಿದ ಕಾರಿನಲ್ಲಿ ಸೀಟು ನಿಧಾನವಾಗಿ ಸವೆದು ವಾಲ್ವ್ ಹೆಡ್ಡಿನೊಳಗೆ ಹೂತುಕೊಳ್ಳುತ್ತ ಹೋಗುತ್ತದೆ. ಅದರ ಇನ್ನೊಂದು ತುದಿ ವಾಲ್ವನ್ನು ಒತ್ತಿ ತೆರೆಯುವ ಕ್ಯಾಮಿನ ಕಡೆಗೆ ಸರಿಯುತ್ತದೆ. ಈ ಗಾತ್ರದ ಇಂಜಿನ್ನುಗಳಲ್ಲಿ ತಣ್ಣಗಿರುವಾಗ ಎಕ್ಸಾಸ್ಟ್ ಕಡೆ ಸುಮಾರು 0.3 ಮಿಲಿಮೀಟರ್ ಟ್ಯಾಪೆಟ್ ಸಂದು (ಕ್ಯಾಮಿಗೂ ವಾಲ್ವ್ ಮೇಲಿನ ಟ್ಯಾಪೆಟ್‌ಗೂ ನಡುವಿನ ಎಡೆ) ಇರಬೇಕಾಗುತ್ತದೆ. ಆ ಸಂದು ಮುಚ್ಚಿಹೋದರೆ ಕ್ಯಾಮ್ ವಾಲ್ವನ್ನು ಸದಾ ತುಸು ಒತ್ತಿ ಹಿಡಿದಿರುತ್ತದೆ, ಪೂರ್ತಿ ಮುಚ್ಚಲು ಬಿಡುವುದಿಲ್ಲ. ಒತ್ತಡ ಸೈಲೆನ್ಸರ್ ಕಡೆಗೆ ಸೋರುತ್ತದೆ. 800 ಆರ್‌ಪಿಎಂನಲ್ಲಿ ಪಿಸ್ಟನ್ ಒಮ್ಮೆ ಮೇಲೇರಲು ಸುಮಾರು 37 ಮಿಲಿಸೆಕೆಂಡ್ ಬೇಕು, 3,000ದಲ್ಲಿ ಹತ್ತು ಸಾಕು. ಸೋರಲು ಸಮಯ ಕಡಿಮೆಯಾದ ಕಾರಣ ಹೆದ್ದಾರಿಯಲ್ಲಿ ಕಾರು ಸರಿಯಿದ್ದಂತೆ ತೋರುತ್ತದೆ. ನೀವು ಕಾಣುತ್ತಿರುವ ಆರಾಮ ಅದು, ಆದರೆ ಒಳಗೆ ವಾಲ್ವ್ ಸುಡುತ್ತಲೇ ಇರುತ್ತದೆ. ಆದ್ದರಿಂದ ತಡ ಮಾಡಬೇಡಿ.

ಗೇಜ್ ಹಚ್ಚುವಾಗ ನೀವೇ ಪಕ್ಕದಲ್ಲಿ ನಿಂತು ಬರೆದುಕೊಳ್ಳಿ. ಬ್ಯಾಟರಿ ಪೂರ್ತಿ ಚಾರ್ಜ್ ಇರಬೇಕು. ನಾಲ್ಕೂ ಪ್ಲಗ್ ತೆಗೆದಿರಬೇಕು, ಕಾಯಿಲ್‌ಗಳ ಸಂಪರ್ಕ ಬಿಡಿಸಿರಬೇಕು. ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತಿರಬೇಕು. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಪ್ರತಿ ಸಿಲಿಂಡರಿಗೂ ಒಂದೇ ಅಳತೆಯಲ್ಲಿ ಐದಾರು ಸೆಕೆಂಡ್ ಸೆಲ್ಫ್ ಹೊಡೆಯಬೇಕು. ನಾಲ್ಕರಲ್ಲೂ 170ರಿಂದ 190 ಪಿಎಸ್‌ಐ ಆಸುಪಾಸಿನಲ್ಲಿ ಬಂದು ಪರಸ್ಪರ ಅಂತರ ಶೇ 10ರೊಳಗಿದ್ದರೆ ವಾಲ್ವ್ ಮೇಲಿನ ನನ್ನ ಅನುಮಾನ ತಪ್ಪು. ಮೂರನೆಯದು ಮಾತ್ರ 110ಕ್ಕೆ ನಿಂತರೆ, ಅದರೊಳಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಲಿ. ಅಂಕಿ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಇಲ್ಲವೇ ಹೆಡ್ ಗ್ಯಾಸ್ಕೆಟ್ (ಹೆಡ್ಡಿನ ಕೆಳಗಿನ ಸೀಲ್). ಇವೆರಡರಲ್ಲಿ ಯಾವುದೆಂದು ತಿಳಿಯಲು ಪ್ಲಗ್ಗಿನ ತೂತಿನಿಂದ ಗಾಳಿ ತುಂಬಿಸಬೇಕು. ಸೈಲೆನ್ಸರಿನ ಬಾಯಲ್ಲಿ ಬುಸ್ ಎಂದರೆ ಎಕ್ಸಾಸ್ಟ್ ವಾಲ್ವ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್.

ವಾಲ್ವ್ ಎಂದಾದರೂ ತಕ್ಷಣ ಹೆಡ್ ಬಿಚ್ಚಲು ಒಪ್ಪಬೇಡಿ. ಮೊದಲು ಟ್ಯಾಪೆಟ್ ಕವರ್ ತೆಗೆದು ಫೀಲರ್ ಗೇಜಿನಿಂದ ಎಂಟು ಎಕ್ಸಾಸ್ಟ್ ವಾಲ್ವ್‌ಗಳ ಸಂದನ್ನೂ ಅಳೆಯಲಿ. ಅಂಚು ಸುಟ್ಟಿರದೆ ಬರೀ ಸಂದು ಕಡಿಮೆಯಾಗಿದ್ದರೆ ತೆಳುವಾದ ಟ್ಯಾಪೆಟ್ ಹಾಕಿ ಸರಿಪಡಿಸಬಹುದು. ಸುಟ್ಟಿದ್ದರೆ ಹೆಡ್ ಇಳಿಸಿ, ಸೀಟು ಕತ್ತರಿಸಿ, ವಾಲ್ವ್ ಬದಲಿಸಬೇಕು. ನಮ್ಮ ಗ್ಯಾರೇಜಿನಲ್ಲಿ ಆ ಕೆಲಸಕ್ಕೆ ಗ್ಯಾಸ್ಕೆಟ್ ಸೇರಿ 18,000ದಿಂದ 22,000 ರೂಪಾಯಿ ಆಗುತ್ತದೆ. ಅದು ಇಸಿಎಂಗಿಂತ ಕಡಿಮೆ, ಮತ್ತು ರೋಗ ಇರುವ ಜಾಗಕ್ಕೇ ಬೀಳುವ ಖರ್ಚು.

ಡಿಕ್ಕಿಯ ತೂತುಗಳಿಗೆ ತುಕ್ಕು ಉಜ್ಜಿ ತೆಗೆಸಿ, ಪ್ರೈಮರ್ ಹೊಡೆಸಿ, ರಬ್ಬರ್ ಬಿರಡೆ ಕೂರಿಸಿ ಸುತ್ತ ಬಾಡಿ ಸೀಲಂಟ್ ಹಚ್ಚಿಸಿ. ನಿಮ್ಮ ಆರ್‌ಸಿಯಲ್ಲಿ ಈಗಲೂ ಸಿಎನ್‌ಜಿ ಎಂದೇ ಇದ್ದರೆ ಆರ್‌ಟಿಒ ಕಚೇರಿಯಲ್ಲಿ ತಿದ್ದಿಸಿಕೊಂಡು ವಿಮೆಯಲ್ಲೂ ಬದಲಿಸಿ.

ಪ್ರಶ್ನೆ: ಇಂಜಿನ್ ಲೈಟ್ ಸುಮ್ಮನೆ ಹತ್ತಿರುವುದಕ್ಕೂ ಮಿಟುಕುವುದಕ್ಕೂ ವ್ಯತ್ಯಾಸವಿದೆಯೇ? ಮಂಗಳೂರಿಗೆ ಹೋಗುವಾಗ ಚಾರ್ಮಾಡಿ ಏರಿಳಿತದಲ್ಲಿ ಒಮ್ಮೆ ಮಿಟುಕಿತು. ನಿಲ್ಲಿಸದೆ ಓಡಿಸಿದೆ.

ಉತ್ತರ: ಇದೆ. ಮಿಟುಕುವುದೆಂದರೆ ಮಿಸ್ಸಿಂಗ್ ಜೋರಾಗಿದೆ, ಉರಿಯದ ಪೆಟ್ರೋಲ್ ಸೈಲೆನ್ಸರಿನ ಕಡೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತಿದೆ ಎಂದರ್ಥ. ಅದು ಕೆಂಪಗೆ ಕಾದು ಒಳಗಿನ ಜೇನುಗೂಡಿನಂಥ ಭಾಗ ಕರಗಬಹುದು. ಒಣ ಹುಲ್ಲಿನ ಮೇಲೆ ನಿಲ್ಲಿಸಿದರೆ ಬೆಂಕಿಯ ಭಯವೂ ಇದೆ. ಆಕ್ಸಿಲರೇಟರ್ ಬಿಟ್ಟು ವೇಗ ಇಳಿಸಿ. ಆಗಲೂ ಮಿಟುಕುತ್ತಿದ್ದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಇಂಜಿನ್ ಬಂದ್ ಮಾಡಿ, ಗಾಡಿಯನ್ನು ಎಳೆಸಿಕೊಂಡು ಹೋಗಿ.

ಪ್ರಶ್ನೆ: ಸಾಗರದಲ್ಲಿದ್ದೇವೆ. 2003ರ ಕಾರು ಮಳೆಗಾಲದ ಬೆಳಗಿನಲ್ಲಿ ಮಾತ್ರ ಮಿಸ್ಸಿಂಗ್ ಹೊಡೆಯುತ್ತದೆ, ಮಧ್ಯಾಹ್ನದ ಹೊತ್ತಿಗೆ ಸರಿಯಾಗುತ್ತದೆ. ಗ್ಯಾರೇಜಿಗೆ ಒಯ್ದಾಗ ದೋಷ ಕಾಣುವುದೇ ಇಲ್ಲ.

ಉತ್ತರ: ನಿಮ್ಮದು ಪ್ಲಗ್ ವೈರುಗಳಿರುವ ಹಳೆಯ ಇಂಜಿನ್. ರಾತ್ರಿ ಅಂಗಳದ ದೀಪ ಆರಿಸಿ, ಬಾನೆಟ್ ತೆರೆದು, ಇಂಜಿನ್ ಚಾಲೂ ಮಾಡಿ. ಗಿಡಕ್ಕೆ ನೀರು ಹೊಡೆಯುವ ಸ್ಪ್ರೇಯಿಂದ ವೈರುಗಳ ಮೇಲೆ ಮಂಜಿನಂತೆ ನೀರು ಬೀಳಿಸಿ. ಯಾವುದನ್ನೂ ಕೈಯಿಂದ ಮುಟ್ಟಬೇಡಿ. ಬಿರುಕು ಬಿಟ್ಟ ಜಾಗದಲ್ಲಿ ನೀಲಿ ಕಿಡಿ ಹಾರುವುದು ಕತ್ತಲೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ನಾಲ್ಕು ವೈರುಗಳನ್ನೂ ಒಟ್ಟಿಗೆ ಬದಲಿಸಿ. ಆದರೆ ಒಂದನ್ನು ಕಿತ್ತು ಅದರ ಜಾಗಕ್ಕೆ ಹೊಸದನ್ನು ಹಾಕಿದ ಮೇಲೆಯೇ ಇನ್ನೊಂದಕ್ಕೆ ಕೈ ಹಚ್ಚಿ, ಕ್ರಮ ತಪ್ಪುವುದಿಲ್ಲ.